ಕೂಗಿಗೊಂದು ಗೆರೆ

ವೆಸ್ಟ್ ಬ್ಲೂಮ್‌ಫೀಲ್ಡ್

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ತಪಾಸಣೆ ಮಾಡಿದ ಹುಡುಗಿ ಅದರೊಳಗಿಂದ ಒಂದು ವಿಸಲ್ಲನ್ನು ಎತ್ತಿ ಹಿಡಿದು, "ಇದ್ಯಾಕೆ ಸಾರ್ ಅಮೆರಿಕಕ್ಕೆ?" ಎಂದು ಕೇಳಿದಳು.

"ಮೂವತ್ನಾಲ್ಕು ವರ್ಷ ಮಂಡ್ಯದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ ಕಣಮ್ಮ. ಇದಿಲ್ದೆ ಹೊರಟ್ರೆ ಪಂಚೆ ಉಡದೆ ಹೊರಟ ಹಾಗಾಗುತ್ತೆ" ಅಂದೆ. ನಕ್ಕು ಬಿಟ್ಟಳು.

ವಿಸಲ್ಲಿನ ಜೊತೆಗೆ ನನ್ನದೊಂದು ಚಟವೂ ವಿಮಾನ ಹತ್ತಿತ್ತು. ಕಾಲೇಜು ಪಂದ್ಯಗಳಿಗೆ ಸ್ಕೋರರ್ ಆಗಿ ಕೂತು ಕೂತು, ಯಾವ ಆಟ ನೋಡಿದರೂ ತೊಡೆಯ ಮೇಲೆ ಒಂದು ನೋಟ್‌ಬುಕ್ ಇರಬೇಕು, ಅದರಲ್ಲಿ ಗೆರೆ ಎಳೆಯುತ್ತಿರಬೇಕು. ಪಾಯಿಂಟು ಬರೆಯುವುದಕ್ಕೆ ಬೇರೆಯವರಿದ್ದರೆ ನಾನು ಇನ್ನೇನಾದರೂ ಎಣಿಸುತ್ತೇನೆ. ತಪ್ಪಿದ ಸರ್ವೀಸು, ರೆಫರಿ ಕನ್ನಡಕ ಒರೆಸಿದ್ದು, ಏನೂ ಸಿಗದಿದ್ದರೆ ಗ್ರೌಂಡಿಗೆ ನುಗ್ಗಿದ ನಾಯಿ. ಮದುವೆ ಮನೆಯಲ್ಲಿ ಕೂತು ಎಷ್ಟು ಪಂಕ್ತಿ ಎದ್ದಿತು ಎಂದು ಗೆರೆ ಹಾಕಿ ನನ್ನ ಹೆಂಡತಿಯಿಂದ ಬೈಸಿಕೊಂಡದ್ದೂ ಉಂಟು.

ನಾನು ಹೋದದ್ದು ಅಕ್ಕನ ಮಗಳು ಸುಮಾಳ ಮನೆಗೆ. ಡೆಟ್ರಾಯಿಟಿನ ಹೊರಗೆ, ವೆಸ್ಟ್ ಬ್ಲೂಮ್‌ಫೀಲ್ಡ್. ಬೀದಿಗಳು ಒರೆಸಿಟ್ಟ ಹಾಗಿದ್ದವು. ಆದರೆ ಬೀದಿಯಲ್ಲಿ ಒಬ್ಬ ಮನುಷ್ಯ ಕಾಣಬೇಕಾದರೆ ಅವನ ಮನೆಯಲ್ಲಿ ನಾಯಿ ಇರಬೇಕು. ಮೊದಲ ಬೆಳಗ್ಗೆ ಅಭ್ಯಾಸಬಲದಿಂದ ಮನೆಯ ಮುಂದಿನ ಹುಲ್ಲಿನ ಮೇಲೆ ಬಸ್ಕಿ ಹೊಡೆಯುತ್ತಿದ್ದೆ. ಹತ್ತನೆಯದಕ್ಕೆ ಎದುರು ಮನೆಯ ಅಜ್ಜಿ ಓಡಿ ಬಂದು, ಎದೆನೋವೇ, ಆಂಬ್ಯುಲೆನ್ಸ್ ಕರೆಯಲೇ ಎಂದು ಕೇಳಿದರು. ಮಾರನೆಯ ದಿನದಿಂದ ಅವರೂ ತಮ್ಮ ಹುಲ್ಲಿನ ಮೇಲೆ ನಿಂತು, ಮಂಡಿ ಬಗ್ಗುವಷ್ಟು ಬಗ್ಗಿಸಿ, ನನಗೆ ಕೈ ಬೀಸತೊಡಗಿದರು.

ಸುಮಾಳ ಗಂಡ ರವಿ ಮೈಸೂರಿನವನು, ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಇಂಜಿನಿಯರು. ಮಗಳು ಮೇಘನಾ ಹತ್ತಿರದ ಕಾಲೇಜೊಂದರ ವಾಲಿಬಾಲ್ ತಂಡದಲ್ಲಿ ಹಿಂದಿನ ಸಾಲಿನ ಆಟಗಾರ್ತಿ. ನೆಲಕ್ಕೆ ಬೀಳುವ ಚೆಂಡನ್ನು ಬಿದ್ದು ಎದ್ದು ಎತ್ತುವುದು ಅವಳ ಕೆಲಸ. ಆ ವಾರ ಊಟಕ್ಕೆ ಮನೆಗೆ ಬಂದವಳು ನನ್ನ ಕೈಗೆ ಒಂದು ಟೀ-ಶರ್ಟ್ ಕೊಟ್ಟಳು. ಬೆನ್ನ ಮೇಲೆ ಅವಳ ನಂಬರು ನಾಲ್ಕು, ಕೆಳಗೆ ಇಂಗ್ಲಿಷಿನಲ್ಲಿ 'ಮೆಗ್‌ಳ ತಾತ'.

"ಶನಿವಾರ ಚಿಕಾಗೋ ಹತ್ರ ಮ್ಯಾಚು. ಬರ್ತೀರಲ್ಲ ಮಾಮ?" ಎಂದಳು ಸುಮಾ.

"ಬರದೆ? ಇಷ್ಟು ದೂರ ನಿನ್ನ ಸಾರು ಕುಡಿಯೋಕೆ ಬಂದಿದೀನಾ?"

"ತಾತ, ಯು ವಿಲ್ ಲವ್ ಕೋಚ್ ಡೆನಿಸ್. ಶೀ ಈಸ್ ಲೈಕ್... ಯು!" ಎಂದಳು ಮೇಘನಾ. ತಂಡಕ್ಕೆ ಇಬ್ಬರು ಕೋಚ್‌ಗಳಂತೆ. ಮುಖ್ಯ ಕೋಚ್ ಟಾಡ್, ಬಿಳಿಯ. ಸಹಾಯಕಿ ಡೆನಿಸ್, ಡೆಟ್ರಾಯಿಟಿನಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು. ಮೇಘನಾಳಿಗೆ ಚೆಂಡು ಎತ್ತುವುದನ್ನು ಹೇಳಿಕೊಟ್ಟವಳು ಅವಳೇ.

ಮಗಳು ಮೇಲಿನ ಕೋಣೆಗೆ ಹೋದ ಮೇಲೆ ಗಂಡ ಹೆಂಡತಿ ದನಿ ತಗ್ಗಿಸಿದರು.

"ಕೋಚ್ ಮೇಲೆ ಕಂಪ್ಲೇಂಟ್ ಬರೆದಿದಾರೆ. ಕ್ಯಾರಲ್ ಮೆಸೇಜ್ ಮಾಡಿದ್ಲು, ಶನಿವಾರ ಸೈನ್ ಬೇಕಂತೆ" ಎಂದಳು ಸುಮಾ. ಕ್ಯಾರಲ್ ಎಂದರೆ ಇನ್ನೊಬ್ಬ ಆಟಗಾರ್ತಿಯ ತಾಯಿ, ಪೋಷಕರ ಗುಂಪಿನ ಮುಖಂಡಳು.

"ಎಲ್ಲರೂ ಮಾಡ್ತಿದಾರೆ, ನಾವೂ ಒಂದು ಸೈನ್ ಹಾಕೋಣ. ನಮಗ್ಯಾಕೆ ಉಸಾಬರಿ?" ಎಂದ ರವಿ.

"ಏನಂತೆ ಕಂಪ್ಲೇಂಟು?" ಎಂದು ಕೇಳಿದೆ.

"ಮಕ್ಕಳ ಮೇಲೆ ಕೂಗ್ತಾರಂತೆ ಮಾಮ. ಮಾತು ಒರಟಂತೆ."

ಯಾವ ಕೋಚ್ ಎಂದು ನಾನು ಕೇಳಲಿಲ್ಲ. ನನ್ನ ಗಮನವೆಲ್ಲ ಎರಡನೆಯ ಸಲ ಬಡಿಸಿದ ಹುಳಿಯ ಮೇಲಿತ್ತು. ನಿಮಗೆ ಈಗಲೇ ಹೇಳಿಬಿಡುತ್ತೇನೆ: ಆ ಕಾಗದ ಡೆನಿಸ್ ಮೇಲೆ. ಎಲ್ಲರ ಸಹಿ ಬಿದ್ದರೆ ಸೋಮವಾರ ಅದು ಕಾಲೇಜಿನ ಕ್ರೀಡಾ ಮುಖ್ಯಸ್ಥರ ಮೇಜಿಗೆ ಹೋಗುತ್ತಿತ್ತು, ಅದರ ಹಿಂದೆಯೇ ಅವಳ ಕೆಲಸವೂ ಹೋಗುತ್ತಿತ್ತು. ಇದು ಗೊತ್ತಿಲ್ಲದೆ ಚಿಕಾಗೋ ಕಡೆಗೆ ಹೊರಟವನು ನಾನೊಬ್ಬನೇ.

ಹೈವೇ ಮೇಲೆ

ಮುನ್ನೂರಕ್ಕೆ ಹತ್ತಿರ ಮೈಲಿ. ಮಧ್ಯೆ ಒಂದು ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಡೆಟ್ರಾಯಿಟಿಗೂ ಚಿಕಾಗೋಗೂ ಒಂದು ಗಂಟೆಯ ವ್ಯತ್ಯಾಸವಂತೆ. ಮನೆಯಿಂದ ಕಾಲೇಜಿಗೆ ಹೋಗುವಾಗ ಯಾರಾದರೂ ಹೀಗೆ ಒಂದು ಗಂಟೆ ಬಿಟ್ಟಿ ಕೊಟ್ಟಿದ್ದರೆ ನನ್ನ ಸರ್ವೀಸಿನಲ್ಲಿ ಒಂದು ದಿನವೂ ಲೇಟಾಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವರನ್ನು ನಗಿಸಿದ್ದು ಶಾಂತಮ್ಮನ ಕಥೆಗಳು. ಶಾಂತಮ್ಮ ರಾಯಚೂರು ಕಡೆಯವರು. ನಮ್ಮ ಕಾಲೇಜಿಗೆ ಹುಡುಗಿಯರ ವಾಲಿಬಾಲ್ ಕೋಚ್ ಆಗಿ ತಾತ್ಕಾಲಿಕ ಹುದ್ದೆಯ ಮೇಲೆ ಬಂದಿದ್ದರು. ಬೆಳಗ್ಗೆ ಐದೂವರೆಗೆ ಗ್ರೌಂಡಿನಲ್ಲಿ ಅವರ ದನಿ ಎದ್ದರೆ ಆಚೆ ಬೀದಿಯ ಹಾಲಿನವನು ಸೈಕಲ್ ನಿಲ್ಲಿಸುತ್ತಿದ್ದ.

"'ಲೇ ಗೀತಾ, ಚೆಂಡು ನಿನ್ನ ಬೀಗರೇನಲೇ, ಮನಿತನಕ ಬರಲಿ ಅಂತ ನಿಂತೀದಿ? ಓಡಲೇ!' ಅನ್ನೋರು" ಎಂದು ನಾನು ಅವರ ದನಿಯಲ್ಲೇ ಹೇಳಿದೆ. ರವಿ ಸ್ಟಿಯರಿಂಗ್ ಹಿಡಿದುಕೊಂಡೇ ಕುಲುಕುಲು ನಕ್ಕ. "ಆ ಗೀತಾ ಆ ವರ್ಷ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ಲು."

"ಶಾಂತಮ್ಮ ಎಷ್ಟು ವರ್ಷ ಇದ್ರು ಮಾಮ?" ಎಂದಳು ಸುಮಾ.

"ಒಂದೇ ವರ್ಷ. ಆಮೇಲೆ ಬೇರೆ ಕಡೆ ಹೋದ್ರು" ಎಂದು ಕಿಟಕಿಯಾಚೆ ನೋಡಿದೆ. ಆಚೆ ಬರೀ ಜೋಳದ ಹೊಲ.

ಅರೋರಾ

ಪಂದ್ಯ ಅರೋರಾದ ಹತ್ತಿರದ ಕಾಲೇಜಿನಲ್ಲಿ, ಸಂಜೆ ನಾಲ್ಕಕ್ಕೆ. ಕೈಯಲ್ಲಿ ಬಿಟ್ಟಿ ಗಂಟೆ ಇತ್ತಲ್ಲ, ಮೊದಲು ಬಾಲಾಜಿ ದೇವಸ್ಥಾನಕ್ಕೆ ಹೋದೆವು. ದರ್ಶನ ಮಾಡಿ, ಹುಡುಗಿಯರಿಗೆಂದು ದೊಡ್ಡ ಡಬ್ಬಿಗಳಲ್ಲಿ ಪುಳಿಯೋಗರೆ ಕಟ್ಟಿಸಿಕೊಂಡು ಹೊರಟೆವು.

ಕಾಲು ಇನ್ನೂ ದೇವಸ್ಥಾನದ ಗುಂಗಿನಲ್ಲೇ ಇತ್ತೆಂದು ಕಾಣುತ್ತದೆ. ಕ್ರೀಡಾಂಗಣದ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ: ಕನ್ನಡಿಯಂಥ ಮರದ ನೆಲ. ನಾವು ಆಡಿದ್ದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮಣ್ಣಿನ ಮೇಲೆ. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಏಳಬೇಕು. ಇಂಥ ನೆಲವನ್ನು ಬೂಟಿನಲ್ಲಿ ತುಳಿಯಲು ಮನಸ್ಸು ಬರಲಿಲ್ಲ. ಬೂಟು ಬಿಚ್ಚಿ ಬಾಗಿಲ ಪಕ್ಕ ಇಟ್ಟು ಕಾಲುಚೀಲದಲ್ಲೇ ಒಳಗೆ ಹೋದೆ. ಸುಮಾ ನೋಡಿದಾಗ ನಾನಾಗಲೇ ಗ್ಯಾಲರಿಯ ನಾಲ್ಕನೆಯ ಸಾಲಿನಲ್ಲಿದ್ದೆ.

"ಮಾಮ, ಶೂ ಎಲ್ಲಿ?"

"ಅಲ್ಲೇ ಬಾಗಿಲಲ್ಲಿ. ಯಾರು ತಗೊಂಡು ಹೋಗ್ತಾರೆ ಬಿಡು, ಆರು ಸಲ ಹೊಲಿಸಿರೋದು."

ಪಂದ್ಯ ಶುರುವಾಯಿತು. ಪಾಯಿಂಟುಗಳನ್ನು ಒಂದು ದೊಡ್ಡ ದೀಪದ ಹಲಗೆ ತಾನೇ ಬರೆದುಕೊಳ್ಳುತ್ತಿತ್ತು. ನನಗೇನು ಕೆಲಸ? ಅಷ್ಟರಲ್ಲಿ ಕೋಚ್ ಟಾಡ್ ಮೊದಲ ಕೂಗು ಹಾಕಿದ. ಆಹಾ, ಎಂಥ ಕೂಗು! ಪಕ್ಕದ ಸಾಲಿನ ಕೂಸು ಬೆಚ್ಚಿಬಿತ್ತು. ನಾನು ಖುಷಿಯಿಂದ ನೋಟ್‌ಬುಕ್ ಬಿಡಿಸಿದೆ. ಎಡಕ್ಕೆ ಟಾಡ್, ಬಲಕ್ಕೆ ಡೆನಿಸ್. ಕೂಗಿಗೊಂದು ಗೆರೆ, ಗೆರೆಯ ತಲೆಯ ಮೇಲೆ ಯಾವ ನಂಬರಿನ ಹುಡುಗಿಗೆ ಬಿತ್ತೋ ಆ ನಂಬರು. ಬೈಗುಳದ ಅರ್ಥ ನನಗೆ ಪೂರ್ತಿ ಆಗುತ್ತಿರಲಿಲ್ಲ, ಆದರೆ ಟಾಡ್ ಒಂದೊಂದು ಮಾತು ಆಡಿದಾಗಲೂ ರವಿ ಗಂಟಲು ಸರಿಮಾಡಿಕೊಂಡು ಬೇರೆಲ್ಲೋ ನೋಡುತ್ತಿದ್ದ. ಎರಡನೆಯ ಸೆಟ್ಟಿನಲ್ಲಿ ಟಾಡ್ ನೀರಿನ ಬಾಟಲಿ ಎಸೆದ. ಅದಕ್ಕೊಂದು ಸೊನ್ನೆ ಹಾಕಿದೆ. ಮೂರನೆಯದರಲ್ಲಿ ಇನ್ನೊಂದು ಬಾಟಲಿ, ಆಮೇಲೆ ಕುರ್ಚಿಗೆ ಒಂದು ಒದೆ. ಕುರ್ಚಿಗೆ ನಾನು ಯಾವ ಗುರುತೂ ಇಟ್ಟುಕೊಂಡಿರಲಿಲ್ಲ. ಪುಟ್ಟ ಕುರ್ಚಿಯೊಂದನ್ನೇ ಬರೆದೆ.

ಡೆನಿಸ್ ಕೂಗುವ ರೀತಿಯೇ ಬೇರೆ. ಅವಳ ದನಿಯೂ ದೊಡ್ಡದೇ. ಮೇಘನಾ ನೆಟ್ಟಗೆ ನಿಂತುಬಿಡುತ್ತಾಳೆ, ಮಂಡಿ ಬಗ್ಗಿಸುವುದಿಲ್ಲ. ಅದನ್ನು ನೋಡಿ ನನ್ನ ನಾಲಿಗೆಯೇ ತುರಿಸುತ್ತಿತ್ತು. ಅಷ್ಟರಲ್ಲಿ, "ಗೆಟ್ ಲೋ, ಬೇಬಿ! ವಾಟ್ ಯು ಸ್ಟ್ಯಾಂಡಿಂಗ್ ಅಪ್ ದೇರ್ ಫಾರ್, ದ ಬಸ್?" ಎಂದು ಡೆನಿಸ್ ಗದರಿದಳು. ಬಸ್ಸಿಗೆ ಕಾಯುತ್ತಿದ್ದೀಯಾ ಎಂದು! ನನಗೆ ಶಾಂತಮ್ಮನ ಬೀಗರು ನೆನಪಾಗಿ ಗಟ್ಟಿಯಾಗಿ ನಕ್ಕುಬಿಟ್ಟೆ. ಮೇಘನಾ ಬಗ್ಗಿದಳು, ಚೆಂಡು ಎದ್ದಿತು. ಮುಂದಿನ ವಿರಾಮದಲ್ಲಿ ಡೆನಿಸ್ ಬಂದು ಅವಳ ಬೆನ್ನು ತಟ್ಟಿ ಹೋದಳು. ತಾನು ಗದರಿದ ಹುಡುಗಿಯ ಹತ್ತಿರ ಆಮೇಲೆ ಹೋಗಿ ಬೆನ್ನು ತಟ್ಟುವುದು ಅವಳ ಪದ್ಧತಿ ಎಂದು ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ತಟ್ಟಿದ್ದಕ್ಕೂ ಹಾಗೇ ನಂಬರು ಹಾಕಿ ಒಂದು ಸಾಲು ಮಾಡಿಕೊಂಡೆ.

ಐದು ಸೆಟ್ ಆಡಿ ನಮ್ಮವರು ಗೆದ್ದರು. ನನ್ನ ಪೆನ್ಸಿಲ್ ಮೊಂಡಾಗಿತ್ತು.

ಊಟದ ಮೇಜು

ಅಲ್ಲಿ ಒಂದು ಒಳ್ಳೆಯ ಪದ್ಧತಿ. ಹೊರ ಊರಿನ ಪಂದ್ಯ ಮುಗಿದ ಮೇಲೆ ತಂದೆತಾಯಿಗಳೇ ಇಡೀ ತಂಡಕ್ಕೆ ಊಟ ಹಾಕುತ್ತಾರೆ. ಹುಡುಗಿಯರು ಸ್ನಾನಕ್ಕೆ ಹೋಗಿದ್ದರು. ಹೊರಗಿನ ಪಡಸಾಲೆಯಲ್ಲಿ ಮಡಚುವ ಮೇಜುಗಳ ಮೇಲೆ ಪಾಸ್ತಾ, ಸ್ಯಾಂಡ್‌ವಿಚ್, ಅದರ ನಡುವೆ ನಮ್ಮ ಪುಳಿಯೋಗರೆ. ಬಾಗಿಲ ಪಕ್ಕ ನನ್ನ ಬೂಟು ಇರಲಿಲ್ಲ. ಕಾಲುಚೀಲದಲ್ಲೇ ನಿಂತು ತಟ್ಟೆ ಜೋಡಿಸುತ್ತಿದ್ದೆ.

ಕ್ಯಾರಲ್ ಬಂದಳು. ನಗುಮುಖದ, ಎಲ್ಲರ ಮಕ್ಕಳ ಹುಟ್ಟಿದ ದಿನ ನೆನಪಿಟ್ಟುಕೊಳ್ಳುವ ಹೆಂಗಸು. ಹುಡುಗಿಯರು ಬರುವುದರೊಳಗೆ ಮುಗಿಸಿಬಿಡೋಣ ಎಂದು ಆಗಲೇ ಕೆಲವರ ಸಹಿ ಬಿದ್ದಿದ್ದ ಕಾಗದ ತೆಗೆದು ಮೆಲ್ಲಗೆ ಓದಿದಳು. ಅವಳ ಇಂಗ್ಲಿಷ್ ನನಗೆ ಹತ್ತಲಿಲ್ಲ. ಸುಮಾ ನನ್ನ ಕಿವಿಯಲ್ಲಿ ಕನ್ನಡ ಮಾಡಿದಳು: "ಆಟದ ಮಧ್ಯೆ ಜೋರಾಗಿ ಕೂಗ್ತಾರೆ. ಮಕ್ಕಳು ಹೆದರ್ತಾರೆ. ಅವರು ಬಳಸೋ ಭಾಷೆ ಕಾಲೇಜಿನ ಘನತೆಗೆ ತಕ್ಕದ್ದಲ್ಲ."

ನನಗೆ ಹೇಳಲಾರದಷ್ಟು ಸಂತೋಷವಾಯಿತು. ಎಂಥ ನ್ಯಾಯವಂತ ಜನ! ಮುಖ್ಯ ಕೋಚ್ ಎಂದು ಹೆದರದೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ! ರವಿ ಪೆನ್ನು ತೆಗೆಯುವುದರೊಳಗೆ ನಾನು ಮುಂದೆ ಹೋದೆ.

"ವೆರಿ ಗುಡ್ ಲೆಟರ್, ಮೇಡಂ! ಹಂಡ್ರೆಡ್ ಪರ್ಸೆಂಟ್ ಕರೆಕ್ಟ್! ಐ ಆಮ್ ರಿಟೈರ್ಡ್ ಸ್ಕೋರರ್. ಐ ಹ್ಯಾವ್ ರೆಕಾರ್ಡ್!"

"ಓಹ್, ವಂಡರ್‌ಫುಲ್!" ಎಂದಳು ಕ್ಯಾರಲ್. ಎಲ್ಲರೂ ಸುತ್ತ ನಿಂತರು. ನಾನು ಪುಳಿಯೋಗರೆ ಡಬ್ಬಿ ಸರಿಸಿ ನೋಟ್‌ಬುಕ್ ಬಿಡಿಸಿಟ್ಟೆ.

"ದಿಸ್ ಸೈಡ್, ಕೋಚ್ ಟಾಡ್. ಶೌಟಿಂಗ್, ಥರ್ಟಿ ಒನ್. ಬಾಟಲ್ ಥ್ರೋಯಿಂಗ್, ಟು. ಚೇರ್ ಕಿಕಿಂಗ್, ಒನ್. ಸೀ, ಚೇರ್." ಚಿತ್ರ ತೋರಿಸಿದೆ. "ಬ್ಯಾಕ್ ಪ್ಯಾಟಿಂಗ್, ನಿಲ್."

ಕ್ಯಾರಲ್‌ಳ ನಗು ಮುಖದ ಮೇಲೇ ಇತ್ತು, ಆದರೆ ಆರಿದ ದೋಸೆಯ ಹಾಗೆ.

"ದಟ್ ಸೈಡ್, ಕೋಚ್ ಡೆನಿಸ್. ಶೌಟಿಂಗ್, ಫೋರ್ಟೀನ್. ಪ್ಯಾಟಿಂಗ್, ಲೆವೆನ್. ಥ್ರೋಯಿಂಗ್, ನಥಿಂಗ್." ಪೆನ್ನಿಗೆ ಕೈ ಚಾಚಿದೆ. "ವೇರ್ ಟು ಸೈನ್, ಮೇಡಂ?"

ಹಿಂದೆ ನಿಂತಿದ್ದ ದೊಡ್ಡ ಗಡ್ಡದ ತಂದೆಯೊಬ್ಬ ಕುಡಿಯುತ್ತಿದ್ದ ಸೋಡಾ ಮೂಗಿಗೆ ಹತ್ತಿಸಿಕೊಂಡು ಕೆಮ್ಮತೊಡಗಿದ.

"ಮಾಮ, ಕಂಪ್ಲೇಂಟು ಟಾಡ್ ಮೇಲಲ್ಲ. ಡೆನಿಸ್ ಮೇಲೆ" ಎಂದಳು ಸುಮಾ, ನೆಲ ನೋಡುತ್ತ.

"ಡೆನಿಸ್ ಮೇಲಾ? ಯಾಕೆ?"

ಕೇಳಿದ್ದು ಕನ್ನಡದಲ್ಲಿ. ಆದರೂ ಅಲ್ಲಿದ್ದವರಿಗೆಲ್ಲ ಅರ್ಥವಾಯಿತೆಂದು ಕಾಣುತ್ತದೆ. ಟಾಡ್ ವಿಷಯ ಬೇರೆ, ಅವನು ಪ್ಯಾಷನೇಟ್, ಎಂದಳು ಕ್ಯಾರಲ್.

"ಏನಂತಪ್ಪ ಹಾಗಂದ್ರೆ?" ಎಂದು ರವಿಯನ್ನು ಕೇಳಿದೆ.

"ಆಟದ ಮೇಲೆ ಪ್ರೀತಿ ಜಾಸ್ತಿ ಅಂತ ಮಾಮ."

"ಹಾಗಾದ್ರೆ ಆಯಮ್ಮಂದು?"

ರವಿ ಕೈಯಲ್ಲಿದ್ದ ಪೆನ್ನನ್ನು ಒಮ್ಮೆ ನೋಡಿ, ಅದರ ಕ್ಯಾಪ್ ಹಾಕಿ, ಜೇಬಿಗೆ ಸಿಕ್ಕಿಸಿದ. ಆಮೇಲೆ ಕ್ಯಾರಲ್‌ಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ ಮಾತನ್ನು ಸುಮಾ ನನಗೆ ದಾಟಿಸಿದಳು. ಆಫೀಸಿನಲ್ಲಿ ಅವನ ಕೆಲಸದ ವರದಿಯಲ್ಲಿ ಮೂರು ವರ್ಷದಿಂದ ಒಂದೇ ಮಾತು ಬರೆಯುತ್ತಿದ್ದಾರಂತೆ: ಟೋನ್ ಸರಿಯಿಲ್ಲ. ಅದನ್ನು ಬರೆಯುವ ಮೇಲಧಿಕಾರಿ ಮೀಟಿಂಗಿನಲ್ಲಿ ಮೇಜು ಗುದ್ದಿದರೆ ಅದು ನಾಯಕತ್ವವಂತೆ. "ಐ ಕಾಂಟ್ ಸೈನ್ ದಿಸ್, ಕ್ಯಾರಲ್" ಎಂದ. ಇಷ್ಟು ವರ್ಷದಲ್ಲಿ ಅವನು ಸುಮಾಳಿಗೂ ಅದನ್ನು ಹೇಳಿರಲಿಲ್ಲ. ಅವಳು ಅವನ ತೋಳು ಹಿಡಿದುಕೊಂಡಳು.

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಒಳಗೆ ಬಂದವಳು ಡೆನಿಸ್. ಅವಳ ಎರಡು ಬೆರಳಿನಲ್ಲಿ ತೂಗಾಡುತ್ತಿದ್ದದ್ದು ನನ್ನ ಬೂಟು.

"ಇವು ಯಾರವು? ಕಳೆದ ವಸ್ತುಗಳ ಪೆಟ್ಟಿಗೆಯಲ್ಲಿ ಅಳುತ್ತಿದ್ದವು" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು. ಕ್ಯಾರಲ್ ಕಾಗದವನ್ನು ಮಗುಚಿ ಇಟ್ಟಳು. ಡೆನಿಸ್ ಅದನ್ನು ನೋಡಿದಳು. ಅಂಥ ಕಾಗದಗಳನ್ನು ಮೊದಲೂ ನೋಡಿದ್ದವಳ ಹಾಗೆ ಒಂದು ಗಳಿಗೆ ನಿಂತಳು. ಆಮೇಲೆ ಪಕ್ಕದಲ್ಲಿ ತೆರೆದಿದ್ದ ನನ್ನ ನೋಟ್‌ಬುಕ್ ಮೇಲೆ ಕಣ್ಣು ಬಿತ್ತು. ಗಡ್ಡದವನು ಕೆಮ್ಮುತ್ತಲೇ ಎಲ್ಲವನ್ನೂ ವಿವರಿಸಿದ.

"ಫೋರ್ಟೀನ್?" ಡೆನಿಸ್ ಸೊಂಟದ ಮೇಲೆ ಕೈ ಇಟ್ಟು ನಕ್ಕಳು. ಬರೀ ಹದಿನಾಲ್ಕು ಎಂದು ತನ್ನಮ್ಮನಿಗೆ ಗೊತ್ತಾದರೆ, ನೀನು ಕೂಗಲೇ ಇಲ್ಲ, ಪಿಸುಗುಟ್ಟಿದೆ ಅನ್ನುತ್ತಾಳೆ, ಅಂದಳು. ಆಮೇಲೆ ಬಗ್ಗಿ ಸಾಲುಗಳ ಮೇಲೆ ಬೆರಳಿಟ್ಟು ನೋಡಿದಳು. ಹದಿನಾಲ್ಕು ಕೂಗು, ಹನ್ನೊಂದೇ ತಟ್ಟು. ಮೂರು ಬಾಕಿ. ಯಾರಿಗೆ ಎಂದು ಕೇಳಿದಳು.

ನೋಡಿ ಹೇಳಿದೆ: "ನಂಬರ್ ನೈನ್. ನಂಬರ್ ಫೋರ್. ಅಗೇನ್ ನಂಬರ್ ಫೋರ್."

ಹುಡುಗಿಯರು ಒದ್ದೆ ತಲೆಯಲ್ಲಿ ಹಸಿದುಕೊಂಡು ಒಳಗೆ ನುಗ್ಗಿದರು. ಡೆನಿಸ್ ಒಂಬತ್ತನೆಯ ನಂಬರಿನವಳ ಬೆನ್ನಿಗೆ ಒಂದು, ನಮ್ಮ ಮೇಘನಾಳ ಬೆನ್ನಿಗೆ ಎರಡು, ಟಪ್ ಟಪ್ ಎಂದು ತಟ್ಟಿದಳು. "ವಾಟ್ ಡಿಡ್ ಐ ಡೂ?" ಎಂದು ಮೇಘನಾ ಕಣ್ಣು ಬಿಟ್ಟಳು. ನಾನು ಪೆನ್ಸಿಲ್ ತೆಗೆದು ಮೂರು ಗೆರೆ ಎಳೆದು ಲೆಕ್ಕ ಸರಿಮಾಡಿದೆ.

ಗಡ್ಡದವನು ಕಾಗದ ಕೇಳಿ ಪಡೆದು ತನ್ನ ಸಹಿಯ ಮೇಲೆ ಗೀಟು ಹಾಕಿದ. ಇನ್ನಿಬ್ಬರು ಅವನ ಹಿಂದೆ ಬಂದರು. ಕೊನೆಗೆ ಕ್ಯಾರಲ್ ಅದನ್ನು ಮಡಚಿ, ಖಾಲಿ ಪಾಸ್ತಾ ಪಾತ್ರೆಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಪುಳಿಯೋಗರೆ ಮಾತ್ರ ಒಂದು ಅಗುಳೂ ಉಳಿಯಲಿಲ್ಲ.

ಮತ್ತೆ ವೆಸ್ಟ್ ಬ್ಲೂಮ್‌ಫೀಲ್ಡ್

ವಾಪಸು ಬರುವಾಗ ಆ ಬಿಟ್ಟಿ ಗಂಟೆಯನ್ನು ಕಿತ್ತುಕೊಂಡರು. ನಾನೂ ಒಂದು ಹಳೆಯ ಮಾತನ್ನು ವಾಪಸು ಕೊಡಬೇಕಾಯಿತು.

"ಶಾಂತಮ್ಮ ತಾವಾಗೇ ಹೋಗಲಿಲ್ಲ" ಎಂದೆ. ಹುಡುಗಿಯರ ಮನೆಯವರು ದೂರು ತಂದಿದ್ದರು: ಲೇ ಅಂತಾಳೆ, ಸಂಸ್ಕಾರವಿಲ್ಲದ ಭಾಷೆ. ಅವರ ಮೈಬಣ್ಣದ ಬಗ್ಗೆ ಸ್ಟಾಫ್ ರೂಮಿನಲ್ಲಿ ತಮಾಷೆ ನಡೆಯುತ್ತಿತ್ತು, ನಾನೂ ನಕ್ಕಿದ್ದೆ. ಪ್ರಿನ್ಸಿಪಾಲರು ಕರೆದು, ನೀವೇನಂತೀರಿ ನಾರಾಯಣ್ ಎಂದಾಗ, "ಹೌದು ಸಾರ್, ಭಾಷೆ ಸ್ವಲ್ಪ ಒರಟು" ಎಂದಿದ್ದೆ. ಮರುವರ್ಷ ಅವರನ್ನು ತೆಗೆದುಕೊಳ್ಳಲಿಲ್ಲ. ನಾನೋ, ವಿಸಲ್ಲು ಮುರಿಯುವ ಹಾಗೆ ಊದಿ, ಡಸ್ಟರ್ ಎಸೆದು, 'ಕಟ್ಟುನಿಟ್ಟಿನ ಮೇಷ್ಟ್ರು' ಎಂದು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೆ.

ರವಿ ಹೇಳಿದ: "ಫೋನ್ ನಂಬರ್ ಸಿಗುತ್ತಾ ನೋಡಿ ಮಾಮ."

ಆ ವಾರದ ಮಧ್ಯೆ ಮೇಘನಾಳ ಕಾಲೇಜಿನಲ್ಲೇ ಇನ್ನೊಂದು ಪಂದ್ಯ. ಕಾಗದ ಎಲ್ಲಿಗೂ ಹೋಗಿರಲಿಲ್ಲ. ಡೆನಿಸ್ ತನ್ನ ಜಾಗದಲ್ಲಿದ್ದಳು. ಹುಡುಗಿಯರು ನನ್ನ ಪುಟದ ಫೋಟೋವನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದರಂತೆ, ಕುರ್ಚಿಯ ಚಿತ್ರವನ್ನು ದೊಡ್ಡದು ಮಾಡಿ. ಎರಡನೆಯ ಸೆಟ್ಟಿನಲ್ಲಿ ಟಾಡ್ ಬಾಟಲಿ ಎತ್ತಿದವನು ಅದೇಕೋ ಗ್ಯಾಲರಿಯ ಕಡೆ ನೋಡಿದ. ನಾಲ್ಕನೆಯ ಸಾಲಿನಲ್ಲಿ ನಾನು, ತೊಡೆಯ ಮೇಲೆ ನೋಟ್‌ಬುಕ್, ಕೈಯಲ್ಲಿ ಪೆನ್ಸಿಲ್. ಟಾಡ್ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿದ. ಕ್ಯಾರಲ್ ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದಳು. ರೆಫರಿಯ ಮೇಲೆ ಎದ್ದು ನಿಂತು ಕೂಗಿ, ತಟ್ಟನೆ ತಿರುಗಿ, "ಡಿಡ್ ಯು ಕೌಂಟ್ ದಟ್?" ಎಂದಳು. "ಎಸ್ ಮೇಡಂ, ನ್ಯೂ ಕಾಲಮ್" ಅಂದೆ. ಬಿದ್ದು ಬಿದ್ದು ನಕ್ಕಳು.

ಭಾನುವಾರ ಬೆಳಗ್ಗೆ, ನಮ್ಮೂರಲ್ಲಿ ಸಂಜೆಯ ಹೊತ್ತಿಗೆ, ಅವರ ಹಳೆಯ ಶಿಷ್ಯೆ ಗೀತಾ ಹುಡುಕಿ ಕಳಿಸಿದ ಶಾಂತಮ್ಮನ ನಂಬರಿಗೆ ಫೋನ್ ಮಾಡಿದೆ. ಶಾಂತಮ್ಮ ಸಿಂಧನೂರಿನಲ್ಲಿದ್ದಾರೆ.

"ಅಯ್ಯ, ನಾರಾಯಣ ಸರ್ರಾ! ಎಲ್ಲಿಂದ ಮಾತಾಡಾಕತ್ತೀರ್ರೀ?"

"ಅಮೆರಿಕದಿಂದ."

"ಅಮೆರಿಕಾಕ್ಕ ಹೋದ ಮ್ಯಾಲ ನನ್ನ ನೆನಪಾತೇನು? ಅಲ್ಲೂ ಯಾರರ ಲೇ ಅಂದ್ರೇನ್ರೀ?"

ಅವರಿಗೆ ಎಲ್ಲವನ್ನೂ ಹೇಳಿದೆ. ಬೂಟು, ಕುರ್ಚಿ, ಬೆನ್ನು ತಟ್ಟಿದ್ದು. ನಗುತ್ತಲೇ ಕೇಳಿದರು. ಆಮೇಲೆ ನಾನು, "ಆವತ್ತು ಪ್ರಿನ್ಸಿಪಾಲರ ಮುಂದೆ ನಾನು ಹಾಗೆ ಹೇಳಬಾರದಿತ್ತು ಶಾಂತಮ್ಮ. ತಪ್ಪಾಯ್ತು" ಎಂದೆ.

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಗೊತ್ತಿತ್ತು ಬಿಡ್ರಿ ನನಗ" ಎಂದರು. "ಖರೇ ಹೇಳ್ಲೇನು? ಒಂದಿನ ಬ್ಯಾಸರಾಗಿ ನಿಮ್ಮ ಕೂಗು ಎಣಿಸಾಕ ಕುಂತಿದ್ದೆ. ಐವತ್ತು ದಾಟಿದ ಮ್ಯಾಲ ಬಿಟ್ಟೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂದವು.

"ಸರ, ಒಂದ್ಸಲ ನಿಮಗ ಲೇ ಅನ್ಲೇನ್ರಿ? ಭಾಳ ದಿನದಿಂದ ಮನಸ್ಸಿನ್ಯಾಗ ಐತಿ."

"ಅನ್ನಿ."

ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡದ್ದು ಒಳ್ಳೆಯದಾಯಿತು.

"ಲೇ ನಾರಾಯಣಾ! ಊರಿಗೆ ಬಂದ ಕೂಡ್ಲೆ ಮನಿಗೆ ಬಾರಲೇ, ಬಿಸಿ ರೊಟ್ಟಿ ಉಣ್ಣಾಕ!"

ಅಡುಗೆಮನೆಯಲ್ಲಿದ್ದ ಸುಮಾ ಓಡಿ ಬಂದಳು. ನಾನು ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಕೂಗಿನ ಸಾಲಿಗೆ ಒಂದು ಗೆರೆ ಎಳೆದೆ. ಸ್ವಲ್ಪ ಯೋಚಿಸಿ, ತಟ್ಟಿದ ಸಾಲಿಗೂ ಒಂದು ಎಳೆದೆ.